ಅಗ್ಗಣಿ ಚೊಂಬು

ಹುಣಸೆಹಣ್ಣು ಹಚ್ಚಿ ತಿಕ್ಕಿದ ಹಿತ್ತಾಳೆಯ ವಾಸನೆ ಬಂತು.

ಜಿಜಾಬಾಯಿ ನೀರಿನ ಮಷೀನಿನ ಮೇಲಿಟ್ಟ ಕಣ್ಣು ತೆಗೆದು ಸುತ್ತ ನೋಡಿದಳು. ಮೆಹಕರದಲ್ಲಿ ಅವಳು ಚಿಕ್ಕವಳಿದ್ದಾಗ, ಬಾಬಾಸಾಹೇಬರ ಜಯಂತಿಯ ಹಿಂದಿನ ದಿನ ಅವಳ ಅವ್ವ ಮನೆಯ ಹಿತ್ತಾಳೆಯನ್ನೆಲ್ಲ ಅಂಗಳಕ್ಕೆ ತಂದು ಸುರುವಿ, ಹುಣಸೆ ಸಿಪ್ಪೆ ಮತ್ತು ಬೂದಿ ಹಾಕಿ ತಿಕ್ಕುತ್ತಿದ್ದಳು. ಹುಳಿ, ಲೋಹ, ಒದ್ದೆ ಮಣ್ಣು ಕೂಡಿದ ವಾಸನೆ. ನಾಳೆ ಹೋಳಿಗೆ ಇದೆ ಎನ್ನುವುದು ಎಲ್ಲರಿಗಿಂತ ಮೊದಲು ಮೂಗಿಗೆ ತಿಳಿಯುತ್ತಿತ್ತು.

ಆದರೆ ಭಾಲ್ಕಿಯ ಬಸ್ ನಿಲ್ದಾಣದ ಹಿಂದಿನ ಈ ನೀರಿನ ಘಟಕದಲ್ಲಿ ಹಿತ್ತಾಳೆ ಎಲ್ಲಿಯದು? ಕಣ್ಣು ಹಾಯಿಸಿದಲ್ಲೆಲ್ಲ ಪ್ಲಾಸ್ಟಿಕ್ ಕೊಡ, ಪ್ಲಾಸ್ಟಿಕ್ ಕ್ಯಾನು. ಬಿಸಿಗಾಳಿ ಒಮ್ಮೆ ಬೀಸಿತು, ವಾಸನೆ ಹೋಯಿತು. ಅವಳು ಮತ್ತೆ ಸಾಲಿನ ಕಡೆ ತಿರುಗಿದಳು.

ಎಕಂಬಾದ ಅನುಸೂಯಾಬಾಯಿ ಕಾಣೆಯಾಗಿದ್ದಾಳೆ ಎಂದು ಊರು ಹೇಳುತ್ತಿತ್ತು. ಅವಳ ನೀರಿನ ಕಾರ್ಡು ಮಾತ್ರ ದಿನವೂ ಭಾಲ್ಕಿಗೆ ಬಂದು ನೀರು ತುಂಬಿಕೊಂಡು ಹೋಗುತ್ತಿತ್ತು.

ಇವತ್ತು ಸಂಜೆ ಠಾಣೆಯಲ್ಲಿ ಫೈಲು ಮುಚ್ಚುವವರಿದ್ದರು. ಕಾರ್ಡು ನಡೆಯುತ್ತಿರುವಾಗ ಹೆಂಗಸು ಕಾಣೆಯಾಗಿದ್ದಾಳೆ ಎಂದು ಹೇಗೆ ಬರೆಯುವುದು ಎಂಬುದು ಅವರ ಪ್ರಶ್ನೆ. ಫೈಲು ಮುಚ್ಚಿದರೆ ಅನುಸೂಯಾಬಾಯಿಯನ್ನು ಹುಡುಕುವವರು ಯಾರೂ ಉಳಿಯುವುದಿಲ್ಲ.

ಅದಕ್ಕೇ ಬೆಳಗಿನಿಂದ ಜಿಜಾಬಾಯಿ ಘಟಕದ ಎದುರಿನ ಚಹಾದ ಅಂಗಡಿಯ ಬಾಂಕಿನ ಮೇಲೆ ಕುಳಿತಿದ್ದಳು. ಆ ಕಾರ್ಡು ಯಾರ ಕೈಯಲ್ಲಿ ಬರುತ್ತದೆ ಎಂದು ನೋಡಬೇಕಿತ್ತು.

ಪಕ್ಕದ ಲಾತೂರಿಗೆ ರೈಲಿನಲ್ಲಿ ನೀರು ತಂದ ಬೇಸಿಗೆ ಅದು. ಕಾರಂಜಾ ಜಲಾಶಯದ ತಳದಲ್ಲಿ ದನಗಳು ಓಡಾಡುತ್ತಿದ್ದವು. ಹಳ್ಳಿಗಳ ಅರ್ಧ ಜನ ಹೈದರಾಬಾದಿನ ಕಟ್ಟಡಗಳ ಕೆಲಸಕ್ಕೆ ಹೋಗಿದ್ದರು. ಉಳಿದವರು ಹೀಗೆ ನೀರಿನ ಸಾಲಿನಲ್ಲಿದ್ದರು. ನಿಜ ಹೇಳಬೇಕೆಂದರೆ ಸಾಲಿನಲ್ಲಿದ್ದದ್ದು ಹೆಚ್ಚಾಗಿ ವಸ್ತುಗಳು: ಒಂದು ಕೊಡ, ಒಂದು ಕಲ್ಲು, ಒಂದು ಕಾಲಿನ ಚಪ್ಪಲಿ. ಒಡೆಯರು ನೆರಳಿನಲ್ಲಿದ್ದರು. ಯಾರ ಕಲ್ಲನ್ನೂ ಯಾರೂ ಸರಿಸುತ್ತಿರಲಿಲ್ಲ. ಮುದುಕಿಯೊಬ್ಬಳ ಕೊಡವನ್ನು ಹಿಂದಿನವಳು ತನ್ನ ಕೊಡದ ಜೊತೆಗೇ ಕಾಲಿನಿಂದ ಮುಂದೆ ತಳ್ಳುತ್ತ ಬಂದದ್ದನ್ನು ಜಿಜಾಬಾಯಿ ಆಗಲೇ ಗಮನಿಸಿದ್ದಳು.

ಗಮನಿಸುವುದೇ ಅವಳ ಉದ್ಯೋಗ. ಬೀದರಿನ ಚೌಬಾರಾದ ಹತ್ತಿರ, ಮಹಡಿಯ ಮೇಲಿನ ಒಂದು ಕೋಣೆಯಲ್ಲಿ ಕುಳಿತು ಅವಳು ಯಂತ್ರಗಳಿಗೆ ಮುಖ ಬರೆಯುತ್ತಿದ್ದಳು. ಗುಂಡಿ ಎಲ್ಲಿರಬೇಕು, ಪರದೆಯ ಮೇಲೆ ಯಾವ ಚಿತ್ರ ಮೂಡಬೇಕು, ತಪ್ಪು ಒತ್ತಿದವರಿಗೆ ಯಂತ್ರ ಹೇಗೆ ಹೇಳಬೇಕು, ಹೊಸ ಊರಿಗೆ ಬಂದಿಳಿದವನಿಗೆ ದಾರಿ ತೋರುವ ಫಲಕ ಯಾವ ಮೂಲೆಯಲ್ಲಿ ನಿಲ್ಲಬೇಕು, ಎಲ್ಲವೂ ಅವಳ ವಿನ್ಯಾಸ. ಬೀದರಿನ ಜನ ಅವಳನ್ನು ಪ್ರೀತಿಯಿಂದ ‘ಗುಂಡಿ ಬಾಯಿ’ ಎನ್ನುತ್ತಿದ್ದರು. ಯಾವ ಕೈ ಯಾವ ವಸ್ತುವನ್ನು ಹೇಗೆ ಮುಟ್ಟಿದೆ ಎಂದು ನೋಡಿಯೇ ಕೆಲವು ಕಳವು ಪತ್ತೆ ಮಾಡಿಕೊಟ್ಟ ಮೇಲೆ ಠಾಣೆಯವರೂ ಅವಳನ್ನು ಕೇಳತೊಡಗಿದ್ದರು.

ಅಂಥ ಕೆಲಸಗಳಲ್ಲಿ ಅವಳ ಜೊತೆಗಾರ ಮಡೆಪ್ಪ. ನಿವೃತ್ತ ಹವಾಲ್ದಾರ. ಹಳೆಯ ಜೀಪು ಅವನದು, ಭಾರಿ ಮೀಸೆಯೂ ಅವನದೇ. ಈಗ ಅವನು ಮಷೀನಿನ ಮುಂದೆ ಬಾಟಲಿ ಹಿಡಿದು ನಿಂತು ಗೊಣಗುತ್ತಿದ್ದ.

ಟಕ್ ಟಕ್. ನೀರು ಬಂತು, ನಿಂತಿತು.

‘ಏನ್ ಮಷೀನ್ ಮಾಡೀರಿ ಬಾಯರ! ಒಂದ ಗುಟುಕು ಕೊಟ್ಟು ನಿಂತ ಬಿಡ್ತದ.’

ಸಾಲಿನಲ್ಲಿದ್ದ ಆಟೋದ ಕುತುಬೋದ್ದೀನ ನಕ್ಕ. ‘ಹವಾಲ್ದಾರ ಸಾಬ, ಒಮ್ಮೆ ಒತ್ತರಿ ಸಾಕು. ಎರಡನೇ ಸಲ ಒತ್ತಿದರ ಬಂದ್ ಆಗ್ತದ. ನನ್ನ ಮೊಮ್ಮಗಳಿಗಿ ಸೈತ ಗೊತ್ತದ!’

‘ನಿನ್ನ ಮೊಮ್ಮಗಳಿಗಿ ಮಷೀನಿನ ಮ್ಯಾಲ ಭರೋಸಾ ಅದ. ನನಗಿಲ್ಲ.’

ಮಡೆಪ್ಪ ಯಾವ ಗುಂಡಿಯನ್ನೂ ಒಂದೇ ಸಲ ಒತ್ತಿದವನಲ್ಲ. ಫೋನಿನ ಗುಂಡಿಯಾಗಲಿ, ಮನೆಯ ದೀಪದ ಸ್ವಿಚ್ಚಾಗಲಿ, ಜೀಪಿನ ಹಾರ್ನಾಗಲಿ, ಒಮ್ಮೆ ಒತ್ತಿ, ಕೇಳಿಸಿತೋ ಇಲ್ಲವೋ ಎಂಬಂತೆ ಇನ್ನೊಮ್ಮೆ ಒತ್ತುತ್ತಿದ್ದ. ಜಿಜಾಬಾಯಿಗೆ ಅದು ಹಳೆಯ ತಮಾಷೆ. ‘ನಿಮ್ಮ ಸಲುವಾಗಿಯೇ ಒಂದು ಬ್ಯಾರೆ ಮಷೀನ್ ಮಾಡತೇನ್ರಿ,’ ಎಂದು ಅವಳು ಎಷ್ಟೋ ಸಲ ಅಂದಿದ್ದಳು.

ಮಷೀನಿನ ಮೇಲೆ ಗುಂಡಿಗಳು ಮೂರೇ. ಒಂದರ ಮೇಲೆ ಚೊಂಬಿನ ಚಿತ್ರ, ಇನ್ನೊಂದರ ಮೇಲೆ ಕೊಡ, ಮತ್ತೊಂದರ ಮೇಲೆ ಕ್ಯಾನು. ಸೊಂಟದಲ್ಲಿ ಕೊಡ ಇಟ್ಟುಕೊಂಡವರೂ ಮುಂಗೈಯಿಂದ ಒತ್ತಲು ಬರುವಷ್ಟು ಕೆಳಗೆ ಇದ್ದವು. ಜಿಜಾಬಾಯಿಯ ಅಜ್ಜಿಗೆ ಊರ ಬಾವಿಯ ಹಗ್ಗ ಮುಟ್ಟುವ ಹಾಗಿರಲಿಲ್ಲ. ಯಾರಾದರೂ ಮೇಲಿನಿಂದ ನೀರು ಹೊಯ್ಯುವವರೆಗೆ ಕಾಯಬೇಕಿತ್ತು. ಮೊಮ್ಮಗಳು ಮಾಡಿದ ಗುಂಡಿಗೆ ಎಲ್ಲ ಕೈಗಳೂ ಒಂದೇ.

ಚೊಂಬಿನ ಗುಂಡಿ ಮಾತ್ರ ಅವಳ ಬುದ್ಧಿಯಿಂದ ಬಂದದ್ದಲ್ಲ. ಅದನ್ನು ಮಾಡಿಸಿದವಳು ಅನುಸೂಯಾಬಾಯಿ.

ಔರಾದ ತಾಲೂಕಿನಲ್ಲಿ ಮೊದಲ ಮಷೀನು ಕೂತದ್ದು ಎಕಂಬಾದಲ್ಲಿ, ಅನುಸೂಯಾಬಾಯಿಯ ಬಾವಿಯ ದಂಡೆಯಲ್ಲಿ. ಸುತ್ತಲಿನ ಬಾವಿಗಳೆಲ್ಲ ಬತ್ತಿದಾಗಲೂ ನೀರಿದ್ದ ಬಾವಿ ಅದೊಂದೇ. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಇದ್ದ ಆಕೆ ಟ್ಯಾಂಕರಿನವರನ್ನು ಬಾಗಿಲಿನಿಂದಲೇ ತಿರುಗಿ ಕಳಿಸಿ, ನೀರನ್ನು ಊರಿಗೆ ಬಿಟ್ಟುಕೊಟ್ಟಿದ್ದಳು. ಮಷೀನು ಚಾಲೂ ಆದ ದಿನ ಮೊದಲು ಮುಂದೆ ಬಂದವಳೂ ಅವಳೇ. ಬಂದವಳು ಗುಂಡಿ ನೋಡಿ ಕೈ ಹಿಂದೆ ತೆಗೆದಳು.

‘ಕೊಡ ಅದ, ಕ್ಯಾನ್ ಅದ. ನನ್ನ ಅಗ್ಗಣಿ ಎಲ್ಲದ ಬಾಯಿ?’

ಲಿಂಗಪೂಜೆಗೆ ಬೇರೆ ತೆಗೆದಿಡುವ ನೀರು ಅಗ್ಗಣಿ. ಎಲ್ಲಕ್ಕಿಂತ ಮೊದಲು ಅದನ್ನು ಹಿಡಿಯಬೇಕು, ಚೊಂಬಿನಲ್ಲಿ ಹಿಡಿಯಬೇಕು, ಮನೆ ಮುಟ್ಟುವವರೆಗೆ ನೆಲಕ್ಕೆ ಇಡಬಾರದು. ಕೊಡ ತುಂಬಿದ ಮೇಲೆ ಅದರಿಂದ ಚೊಂಬಿಗೆ ಬಗ್ಗಿಸಿಕೊಂಡರೆ ಅದು ಅಗ್ಗಣಿ ಆಗುವುದಿಲ್ಲ. ಜಿಜಾಬಾಯಿ ಆ ದಿನವೇ ಬೀದರಿಗೆ ಹೋಗಿ ಮೂರನೇ ಗುಂಡಿ ಬರೆದಿದ್ದಳು. ಅಲ್ಲಿಂದ ಮುಂದೆ ಎಷ್ಟು ಸಲ ನೋಡಿದರೂ ಅನುಸೂಯಾಬಾಯಿಯ ಕೈ ಮೊದಲು ಚೊಂಬಿಗೆ, ಆಮೇಲೆ ಕೊಡಕ್ಕೆ.

‘ಬಾಯರ,’ ಮಡೆಪ್ಪ ದನಿ ತಗ್ಗಿಸಿದ. ‘ಅಲ್ಲಿ ನೋಡ್ರಿ.’

ತಲೆಗೆ ಟವೆಲ್ ಸುತ್ತಿಕೊಂಡ ಒಬ್ಬ ಸೈಕಲ್ಲಿನಿಂದ ಕ್ಯಾನು ಇಳಿಸುತ್ತಿದ್ದ. ಜಿಜಾಬಾಯಿ ಗುರುತು ಹಿಡಿದಳು. ಅನುಸೂಯಾಬಾಯಿಯ ಮೈದುನ ಹಾವಗೆಪ್ಪ. ನಿನ್ನೆ ಎಕಂಬಾದಲ್ಲಿ ಸಿಕ್ಕಾಗ, ‘ವೈನಿ ಹೈದರಾಬಾದಿಗಿ ಹೋಗ್ಯಾಳ್ರಿ, ಕೆಲಸದ ಮಂದಿ ಜೋಡಿ,’ ಎಂದು ಹೇಳಿ ಕಳಿಸಿದ್ದ.

ಆ ಮಾತನ್ನು ಅವಳು ನಿನ್ನೆಯೇ ನಂಬಿರಲಿಲ್ಲ. ಎಕಂಬಾದಲ್ಲಿ ಗುಳೆ ಹೋದವರ ಬಾಗಿಲುಗಳನ್ನು ಸಾಲಾಗಿ ನೋಡಿ ಬಂದಿದ್ದಳು. ಪ್ರತಿಯೊಂದು ಬೀಗಕ್ಕೂ ಹಳೆಯ ಸೀರೆಯ ತುಂಡು ಸುತ್ತಿ ದಾರ ಕಟ್ಟಿತ್ತು. ತಿಂಗಳುಗಟ್ಟಲೆ ಧೂಳು ಹೊಕ್ಕರೆ ಬೀಗ ಹಿಡಿದುಕೊಳ್ಳುತ್ತದೆ. ಅದಕ್ಕೇ ಕುಸುಬಿ ಎಣ್ಣೆ ಬಿಟ್ಟು, ಬಟ್ಟೆ ಸುತ್ತಿ ಹೋಗುತ್ತಾರೆ. ಅನುಸೂಯಾಬಾಯಿಯ ಬೀಗ ಬರಿಮೈಯಲ್ಲಿ ತೂಗಾಡುತ್ತಿತ್ತು. ಬಾವಿಯಿಂದ ಹೀಗೆ ಹೋಗಿ ಹಾಗೆ ಬರುವವರು ಹಾಕುವ ಬೀಗ.

ಹಾವಗೆಪ್ಪನ ಸರದಿ ಬಂತು. ಅವನು ಅಂಗಿಯ ಒಳಜೇಬಿನಿಂದ ಕಾರ್ಡು ತೆಗೆದು ಮಷೀನಿಗೆ ಹಾಕಿದ. ಕ್ಯಾನಿನ ಗುಂಡಿಯ ಕಡೆ ಅವನ ಕೈ ಹೋಗುವಷ್ಟರಲ್ಲಿ ಜಿಜಾಬಾಯಿ ಪಕ್ಕದಲ್ಲಿದ್ದಳು.

‘ನೀರು ತುಂಬಿಕೊಳ್ರಿ ಹಾವಗೆಪ್ಪ. ಆಮೇಲೆ ಮಾತಾಡೋಣ.’

ಅವನ ಕೈ ಗಾಳಿಯಲ್ಲೇ ನಿಂತಿತು. ‘ಬಾಯರ... ನೀವು ಇಲ್ಲಿ?’

‘ಈ ಕಾರ್ಡು ಯಾರದು?’

‘ವೈನಿದರಿ. ಆಕಿನೇ ಕೊಟ್ಟು ಕಳಿಸ್ಯಾಳ, ನೀರು ತಗೊಂಡ ಬಾ ಅಂತ.’

‘ಹೈದರಾಬಾದಿನಿಂದ?’

ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಹಾವಗೆಪ್ಪ ಟವೆಲಿನಿಂದ ಮುಖ ಒರೆಸಿಕೊಂಡ. ‘ಇಲ್ರಿ, ಹೈದರಾಬಾದಿನಿಂದ ವಾಪಸ್ ಬಂದಾಳ. ಇಲ್ಲೇ ಬಳಗದವರ ಮನ್ಯಾಗ ಇಳಿದಾಳ.’

‘ಯಾವ ಮನಿ? ನಡೀರಿ, ಕ್ಯಾನ್ ನಾನೇ ಒಂದು ಕೈ ಹಿಡಿತೇನಿ.’

ಅವನು ಕ್ಯಾನನ್ನು ತನ್ನ ಕಡೆ ಎಳೆದುಕೊಂಡ.

ಜಿಜಾಬಾಯಿ ಪರದೆಗೆ ಬೆರಳು ತೋರಿದಳು. ಕಾರ್ಡು ಹಾಕಿದೊಡನೆ ಹಿಂದೆ ತೆಗೆದುಕೊಂಡ ನೀರಿನ ಚಿತ್ರಗಳು ಕೆಳಗೆ ಸಾಲಾಗಿ ಮೂಡುತ್ತಿದ್ದವು. ಓದು ಬಾರದವಳೂ ತನ್ನ ಕಾರ್ಡನ್ನು ಬೇರೆಯವರು ಮುಟ್ಟಿದ್ದಾರೋ ಇಲ್ಲವೋ ಒಂದು ನೋಟದಲ್ಲಿ ತಿಳಿಯಲಿ ಎಂದು ಅವಳೇ ಮಾಡಿದ ಏರ್ಪಾಡು.

‘ಓದ್ರಿ ಹಾವಗೆಪ್ಪ. ಅಕ್ಷರ ಬ್ಯಾಡ, ಚಿತ್ರ ಸಾಕು.’

ಕ್ಯಾನು. ಕ್ಯಾನು. ಕ್ಯಾನು. ಕ್ಯಾನು. ಸಾಲಿನ ತುದಿಯಲ್ಲಿ, ಇನ್ನೇನು ಪರದೆಯಿಂದ ಆಚೆ ಬೀಳುವಂತೆ, ಒಂದು ಚೊಂಬು, ಒಂದು ಕೊಡ.

‘ನಿಮ್ಮ ವೈನಿ ಅಗ್ಗಣಿ ಬಿಟ್ಟಳೇನು?’

ಹಾವಗೆಪ್ಪನಿಗೆ ಅದು ಎಲ್ಲಿಗೋ ತಾಗಿತು. ಅವನ ಕೈ ತಾನಾಗಿ ಎದೆಯ ಮೇಲಿನ ಲಿಂಗದ ಕರಡಿಗೆಗೆ ಹೋಯಿತು. ಅವನೂ ಅದೇ ಮನೆಯಲ್ಲಿ ಬೆಳೆದವನು. ಅಣ್ಣ ಇರುವವರೆಗೆ ದಿನಾ ಬೆಳಗ್ಗೆ ವೈನಿ ತಂದಿಟ್ಟ ಅಗ್ಗಣಿಯಲ್ಲೇ ಅವನ ಪೂಜೆಯೂ ನಡೆಯುತ್ತಿತ್ತು. ಕಾರ್ಡಿನಲ್ಲಿ ನೀರು ತೆಗೆಯುವಾಗ ಮಾತ್ರ ಚೊಂಬಿನ ನೆನಪಾಗಿರಲಿಲ್ಲ. ಅಗ್ಗಣಿ ತರುವುದು ಮನೆಯ ಹೆಂಗಸರ ಕೆಲಸ. ಗಂಡಸರಿಗೆ ಅದು ಪೂಜೆಗೆ ಕೂತಾಗ ಪಕ್ಕದಲ್ಲಿ ಬಂದು ನಿಂತಿರುವ ನೀರು, ಅಷ್ಟೇ.

‘ಬರ್ರಿ ಈ ಕಡಿ,’ ಎಂದು ಜಿಜಾಬಾಯಿ ಅವನನ್ನು ಗೋಡೆಯ ನೆರಳಿಗೆ ಕರೆದೊಯ್ದಳು. ಎಲ್ಲರೆದುರು ಒಬ್ಬನನ್ನು ಬೆವರಿಸುವುದು ಅವಳಿಗೆ ಸೇರುತ್ತಿರಲಿಲ್ಲ. ಮಡೆಪ್ಪನೂ ಹಿಂದೆ ಬಂದು ನಿಂತ.

‘ನಾ ಏನೂ ಮಾಡಿಲ್ರಿ,’ ಹಾವಗೆಪ್ಪ ಶುರು ಮಾಡಿದ. ‘ಬಸವಣ್ಣನ ಆಣಿ. ಆಕಿ ಕಾಣದಂಗ ಆದ ಮರುದಿನ ಮುಂಜಾನಿ ಬಾವಿಗಿ ಹೋದೆ. ಕೊಡ ಉರುಳಿ ಬಿದ್ದಿತ್ತು. ಕಾರ್ಡ ದಂಡಿ ಮ್ಯಾಲ ಬಿದ್ದಿತ್ತು. ಆಕಿ ಇಲ್ಲ.’

‘ಚೊಂಬು?’

‘ಚೊಂಬು... ಇರಲಿಲ್ರಿ. ಹಿತ್ತಾಳಿದು. ಹುಡುಕಿದೆ, ಸಿಗಲಿಲ್ಲ.’

‘ಅವತ್ತೇ ಯಾಕ ಹೇಳಲಿಲ್ಲ?’

‘ಹ್ಯಾಂಗ ಹೇಳ್ಲಿ? ಟ್ಯಾಂಕರಿಗಿ ನೀರು ಬಿಡು ಅಂತ ನಾ ಆಕಿ ಸಂಗಾಟ ಜಗಳ ಮಾಡಿದ್ದು ಇಡೀ ಊರು ಕೇಳ್ಯದ. ಆಕಿಗಿ ಏನರ ಆಗಿದ್ದರ ಮೊದಲ ಯಾರ ಕಾಲರ್ ಹಿಡಿತಾರ? ನನ್ನದೇ. ಅಂಜಿದ್ನಿರಿ. ಊರ ಮಂದಿ ಕಣ್ಣಿಗಿ ಬೀಳದಂಗ ಇಲ್ಲಿ ಭಾಲ್ಕಿಯಾಗ ಕಾರ್ಡ ನಡಸ್ಕೋತ ಇದ್ದರ ಆಕಿ ಜೀವಂತ ಇದ್ದಾಳ ಅಂತ ಎಲ್ಲರೂ ಸುಮ್ಮ ಇರ್ತಾರ ಅಂದರು...’

‘ಅಂದರು?’ ಜಿಜಾಬಾಯಿ ಅವನ ಮುಖ ನೋಡಿದಳು. ‘ಯಾರು ಅಂದರು?’

ಹಾವಗೆಪ್ಪನ ಕಣ್ಣು ಅವಳ ಭುಜದ ಆಚೆ ಒಂದು ಕ್ಷಣ ಹೋಗಿ, ನೆಲಕ್ಕೆ ಬಂತು.

‘ಯಾರೂ ಇಲ್ರಿ. ನಾನೇ ಅಂದುಕೊಂಡೆ.’

‘ಹಾವಗೆಪ್ಪ.’

‘ನಾನೇ ಬಾಯರ. ನನ್ನ ತಲೀಗೆ ನಾನೇ ಹೇಳಿದೆ.’

‘ಬಿಡ್ರಿ ಬಾಯರ,’ ಹಿಂದಿನಿಂದ ಮಡೆಪ್ಪ ಅಂದ. ‘ಕಾರ್ಡ ಸಿಕ್ತಲ್ಲ. ಇವನನ್ನ ಸಂಜೀಕ ಠಾಣೆಗಿ ನಾನೇ ಒಯ್ತೀನಿ. ಅಲ್ಲಿ ಎಲ್ಲಾ ನೆನಪಾಗ್ತದ.’

ಹಾವಗೆಪ್ಪನ ತುಟಿ ಒಣಗಿತ್ತು. ಜಿಜಾಬಾಯಿ ತನ್ನ ಬಾಟಲಿಯಲ್ಲಿ ಉಳಿದ ನೀರು ಕೊಟ್ಟಳು. ಅವನು ಬಾಟಲಿಗೆ ತುಟಿ ತಾಗಿಸದೆ ಎತ್ತರದಿಂದ ಸುರಿದುಕೊಂಡು ಕುಡಿದ. ಕುಡಿದು, ಬಾಟಲಿ ಹಿಂತಿರುಗಿಸುವಾಗ ಅವಳಿಗೆ ಮಾತ್ರ ಕೇಳುವಂತೆ, ‘ಆಕಿ ಸಿಕ್ಕರ ನನ್ನ ಮುಂದ ಒಂದ ಮಾತು ಹೇಳ್ರಿ, ಸಾಕು,’ ಎಂದ. ಕೊಂದವನ ದನಿ ಹಾಗಿರುವುದಿಲ್ಲ ಎಂದು ಅವಳಿಗೆ ಅನ್ನಿಸಿತು. ಅನ್ನಿಸಿದ್ದನ್ನು ಠಾಣೆಯಲ್ಲಿ ಹೇಳಲು ಬರುವುದಿಲ್ಲ, ಅದು ಬೇರೆ ಮಾತು.

ಕಾರ್ಡನ್ನು ಅವಳು ತನ್ನ ಚೀಲಕ್ಕೆ ಹಾಕಿಕೊಂಡಳು. ಹಾವಗೆಪ್ಪ ಚಹಾದ ಅಂಗಡಿಯ ಬಾಂಕಿನ ಮೇಲೆ ತಲೆಗೆ ಕೈ ಹೊತ್ತು ಕುಳಿತ. ಮಡೆಪ್ಪ ಜೀಪಿನ ಕಡೆ ಹೋದ.

ಕಾರ್ಡು ಒಂದು ಸುಳ್ಳು ಬಿಚ್ಚಿ ತೋರಿಸಿತ್ತು, ಆದರೆ ಹೆಂಗಸು ಸಿಕ್ಕಿರಲಿಲ್ಲ. ಕಾರ್ಡನ್ನು ಅವಳು ಬಳಸುತ್ತಿಲ್ಲ ಎಂದರೆ, ಬದುಕಿದ್ದಾಳೆ ಎನ್ನಲು ಇದ್ದ ಒಂದೇ ಆಧಾರವೂ ಹೋದಂತೆ. ಬಿಸಿಲಿಗೆ ಕಣ್ಣು ಕತ್ತಲೆ ಬಂದು ಜಿಜಾಬಾಯಿ ಮಷೀನಿನ ಕಂಬ ಹಿಡಿದು ನಿಂತಳು.

‘ಅಯ್ಯ, ಅಕ್ಕ! ನೆಳ್ಳಿಗಿ ಬರ್ರಿ.’

ಘಟಕ ನೋಡಿಕೊಳ್ಳುವ ಶಾಲುಬಾಯಿ ಕಸಬರಿಗೆ ಹಿಡಿದೇ ಓಡಿ ಬಂದಳು. ಹಿಂದೊಮ್ಮೆ ಮಡೆಪ್ಪನ ಜೊತೆ ಬಂದು ಅನುಸೂಯಾಬಾಯಿಯ ಬಗ್ಗೆ ಕೇಳಿದಾಗ, ಕಂಡಿಲ್ಲ ಎಂದಿದ್ದವಳು. ದುಂಡು ಮುಖ, ಮಾತಿಗಿಂತ ಕೈ ಚುರುಕು. ಮಷೀನಿನ ಮುಂದಿನ ಕಬ್ಬಿಣದ ಮೆಟ್ಟಿಲ ಮೇಲೆ ಒದ್ದೆ ಗೋಣಿಚೀಲ ಹಾಸಿದವಳು ಅವಳೇ, ಬರಿಗಾಲಿನವರ ಅಂಗಾಲು ಸುಡಬಾರದೆಂದು. ನಲ್ಲಿಯಿಂದ ತೊಟ್ಟಿಕ್ಕುವ ನೀರಿನ ಕೆಳಗೆ ತೆಂಗಿನ ಚಿಪ್ಪು ಇಟ್ಟಿದ್ದಳು, ಗುಬ್ಬಿಗಳಿಗೆಂದು.

‘ನಿಮ್ಮ ಬಾಟ್ಲಿ ಖಾಲಿ ಅದ. ಅಲ್ಲಿ ಮೊಳಿಗಿ ನನ್ನ ಕಾರ್ಡ ತೂಗ ಹಾಕೀನಿ ನೋಡ್ರಿ, ಹಾಕಿ ತುಂಬಿಕೊಳ್ರಿ. ಕಾರ್ಡ ಇಲ್ಲದ ದಾರಿಕಾರರಿಗಿ ಅಂತ ಇಟ್ಟೀನಿ. ನಾ ಕುರ್ಚಿ ತರ್ತೇನಿ.’

ಅವಳು ಒಳಗೆ ಹೋದಳು. ಜಿಜಾಬಾಯಿ ಮೊಳೆಯಿಂದ ಕಾರ್ಡು ತೆಗೆದು ಮಷೀನಿಗೆ ಹಾಕಿದಳು. ಬಾಟಲಿ ಹಿಡಿದಳು.

ಗುಂಡಿ ಒತ್ತಲಿಲ್ಲ.

ಪರದೆಯ ಕೆಳಗೆ ಚಿತ್ರಗಳು ಮೂಡಿದ್ದವು. ಚೊಂಬು, ಕೊಡ. ಚೊಂಬು, ಕೊಡ. ಚೊಂಬು, ಕೊಡ.

ದಾರಿಕಾರರು ಬಾಟಲಿ ತುಂಬಿಕೊಂಡರೆ ಬರೀ ಚೊಂಬಿನ ಚಿತ್ರಗಳಿರಬೇಕು. ಶಾಲುಬಾಯಿ ಮನೆಗೆ ಒಯ್ದರೆ ಬರೀ ಕೊಡ. ಒಂದಾದ ಮೇಲೊಂದು, ಅದೂ ಇದೇ ಕ್ರಮದಲ್ಲಿ? ಘಟಕದ ಗೋಡೆಯ ಮೇಲೆ ಬುದ್ಧನ ಪಟವಿತ್ತು, ಪಕ್ಕದಲ್ಲಿ ಬಾಬಾಸಾಹೇಬರು. ತನ್ನ ಮನೆಯಂಥದೇ ಮನೆ. ಇಲ್ಲಿ ಅಗ್ಗಣಿ ಯಾರಿಗೆ?

ಗಾಳಿ ತಿರುಗಿತು. ಹುಣಸೆಹಣ್ಣು ಹಚ್ಚಿ ತಿಕ್ಕಿದ ಹಿತ್ತಾಳೆಯ ವಾಸನೆ ಮತ್ತೆ ಬಂತು.

ಕುರ್ಚಿ ಹಿಡಿದು ಬಂದ ಶಾಲುಬಾಯಿ ಮೊದಲು ಜಿಜಾಬಾಯಿಯ ಮುಖ ನೋಡಿದಳು, ಆಮೇಲೆ ಪರದೆ ನೋಡಿದಳು. ಕುರ್ಚಿಯನ್ನು ಸಪ್ಪಳವಾಗದಂತೆ ಕೆಳಗಿಟ್ಟಳು. ಬಿಸಿಲಿನಲ್ಲಿ ನಿಂತವಳ ಬಾಟಲಿ ಖಾಲಿ ಇದೆಯೆಂದು ಕಾರ್ಡು ಕೊಡುವಾಗ ಅವಳಿಗೆ ಬೇರೇನೂ ಹೊಳೆದಿರಲಿಲ್ಲ.

‘ಶಾಲುಬಾಯಿ, ಹಿಂದಿನ ಖೋಲಿ ತೋರಸ್ತಿ?’

‘ಅಲ್ಲಿ ಪೈಪು, ಖಾಲಿ ಕ್ಯಾನು ಅವರಿ. ಮತ್ತೇನಿಲ್ಲ.’

‘ಹಿತ್ತಾಳಿ ತಿಕ್ಕಿದ ವಾಸನಿ ಬರ್ತದಲ್ಲ.’

ಶಾಲುಬಾಯಿ ರಸ್ತೆಯ ಕಡೆ ನೋಡಿದಳು. ಜೀಪು ಬೇವಿನ ಮರದ ಹತ್ತಿರ ನಿಂತಿತ್ತು. ‘ಒಬ್ಬರೇ ಬರ್ತೀರೇನ್ರಿ?’ ಎಂದಳು.

‘ಒಬ್ಬಳೇ ಬರ್ತೇನಿ.’

ಹಿಂದಿನ ಖೋಲಿಯ ಬಾಗಿಲಿಗೆ ಹೊರಗಿನಿಂದ ಬೀಗ, ಆ ಬೀಗಕ್ಕೆ ಬಟ್ಟೆ ಸುತ್ತಿತ್ತು. ಬಹಳ ದಿನಗಳಿಂದ ತೆರೆಯದ ಬಾಗಿಲು ಎಂದು ನೋಡಿದವರು ತಿಳಿಯುವ ಹಾಗೆ. ಶಾಲುಬಾಯಿ ಬೀಗ ಮುಟ್ಟಲೇ ಇಲ್ಲ. ಪಕ್ಕದಲ್ಲಿ ಪೇರಿಸಿಟ್ಟ ಕ್ಯಾನುಗಳನ್ನು ಸರಿಸಿದಳು. ಅವುಗಳ ಹಿಂದೆ ಇನ್ನೊಂದು ಚಿಕ್ಕ ಬಾಗಿಲಿತ್ತು.

ಒಳಗೆ ಎತ್ತರದ ಬೆಳಕಿಂಡಿಯಿಂದ ಒಂದು ಪಟ್ಟಿ ಬಿಸಿಲು ಬಿದ್ದಿತ್ತು. ಆ ಬೆಳಕಿನಲ್ಲಿ, ಮಡಿಸಿದ ಬಿಳಿ ಬಟ್ಟೆಯ ಮೇಲೆ ಒಂದು ಹಿತ್ತಾಳೆಯ ಚೊಂಬು ಬೋರಲಾಗಿ ಹೊಳೆಯುತ್ತಿತ್ತು. ಗೋಡೆಗೆ ಒರಗಿ ಕುಳಿತ ಹೆಂಗಸು ಸೆರಗು ಸರಿಮಾಡಿಕೊಂಡು ಎದ್ದಳು. ಸೊರಗಿದ್ದಳು, ಹಣೆಯ ವಿಭೂತಿ ಮಾತ್ರ ನೆಟ್ಟಗಿತ್ತು.

‘ಬಂದಿ ಬಾಯಿ? ಬಂದೇ ಬರ್ತಿ ಅಂತ ಗೊತ್ತಿತ್ತು.’

ಜಿಜಾಬಾಯಿ ಮುಂದೆ ಹೋದಳು. ಅನುಸೂಯಾಬಾಯಿಯ ಎರಡೂ ಕೈ ಹಿಡಿದುಕೊಂಡಳು. ಬಿಸಿಯಾಗಿದ್ದವು, ಒರಟಾಗಿದ್ದವು, ಜೀವಂತವಾಗಿದ್ದವು.

‘ಈಕಿ ಸಣ್ಣಾಕಿದ್ದಾಗ ನಮ್ಮ ಬಾವಿ ನೀರು ಕುಡದು ಬೆಳದಾಕಿ,’ ಅನುಸೂಯಾಬಾಯಿ ಶಾಲುಬಾಯಿಯ ಕಡೆ ಕಣ್ಣು ತೋರಿದಳು. ‘ತವರು ಎಕಂಬಾ. ಅದಕ್ಕ ಇಲ್ಲಿಗಿ ಓಡಿ ಬಂದೆ.’

‘ಮೊದಲನೇ ದಿನ ನಾ ಅಂಜಿದ್ನಿ ಅಕ್ಕ,’ ಶಾಲುಬಾಯಿ ಮೆಲ್ಲಗೆ ಹೇಳಿದಳು. ‘ಪೂಜಿ ನೀರು, ನಾ ಹಿಡದು ಕೊಟ್ಟರ ನಡೀತದೋ ಇಲ್ಲೋ ಅಂತ. ಈಕಿ ಏನಂದಳು ಗೊತ್ತದೇನ್ರಿ? ನೀ ಕೊಟ್ಟ ನೀರು ಒಲ್ಲೆ ಅಂದರ ಅದು ಲಿಂಗ ಹ್ಯಾಂಗ ಆದೀತು, ಅಂದಳು.’

‘ಯಾರಿಗೆ ಅಂಜಿ ಓಡಿ ಬಂದ್ರಿ? ಹಾವಗೆಪ್ಪಗ?’

‘ಅವನಾ!’ ಅನುಸೂಯಾಬಾಯಿ ಕೈ ಬೀಸಿದಳು. ‘ಬಾಯಿ ದೊಡ್ಡದು ಅವನದು, ಎದಿ ಗುಬ್ಬಿದು. ಅವನಲ್ಲ.’

ಅವಳು ಬೆಳಕಿಂಡಿಯ ಕಡೆ ಒಮ್ಮೆ ನೋಡಿ ದನಿ ಇಳಿಸಿದಳು.

‘ಕತ್ತಲಾಗಲಿಕ್ಕ ಹತ್ತಿತ್ತು. ನೀರಿಗಿ ಹೋದೆ. ಬಾವಿ ಮ್ಯಾಲ ಯಾರೋ ಬಾಗಿ ನಿಂತಿದ್ದ. ರಾಟಿಗಿ ಹಗ್ಗ ಹಾಕಿ ಒಳಗ ಏನೋ ಇಳಸ್ಲತ್ತಿದ್ದ. ಭಾರಿ ವಜ್ಜಿ ಇತ್ತು, ರಾಟಿ ನರಳಿತು. ಯಾರದು ಅಂದೆ. ಅವ ತಿರುಗಿದ. ಮಾರಿ ಕಾಣಲಿಲ್ಲ. ಕೈಯಾಗ ಬ್ಯಾಟರಿ ಇತ್ತು ಅಂತ ಸಪ್ಪಳದಿಂದ ತಿಳೀತು. ಬೆಳಕು ಬಂತು, ಹೋಯಿತು. ಬಂತು, ಹೋಯಿತು. ಅವಸರದಾಗ ಅವನಿಗಿ ಬ್ಯಾಟರಿ ಹಚ್ಚಲಿಕ್ಕೇ ಬರಲಿಲ್ಲ. ಅದಕ್ಕ ನಾ ಉಳದೆ. ಚೊಂಬು ಕೈಯಾಗಿತ್ತು, ಕೊಡ ಬಿಟ್ಟು ಓಡಿದೆ.’

‘ಎಂಥ ಸಪ್ಪಳ?’ ಜಿಜಾಬಾಯಿ ಕೇಳಿದಳು.

ಅನುಸೂಯಾಬಾಯಿ ನಾಲಿಗೆಯನ್ನು ಅಂಗುಳಕ್ಕೆ ತಾಗಿಸಿದಳು. ‘ಟಕ್ ಟಕ್. ಒಮ್ಮೆ ಒತ್ತಿದರ ಹತ್ತತದ, ಎರಡನೇ ಸಲ ಒತ್ತಿದರ ಆರತದ. ಅಷ್ಟೂ ತಿಳೀದಾಂವ.’

ಹೊರಗೆ ಯಾರೋ ಕೊಡ ತುಂಬುತ್ತಿದ್ದರು.

‘ನೀ ಮೊದಲ ಸಲ ಇಲ್ಲಿ ಬಂದು ಶಾಲೂನ ಕೇಳಿದಿ ನೋಡು, ಅವತ್ತೇ ನಿನ್ನ ಕರೀಬೇಕು ಅಂತ ಬಾಗಿಲಿಗಿ ಬಂದಿದ್ದೆ, ಬಾಯಿ. ಹೊರಗ ಮಷೀನ್ ಹತ್ತರ ಅದೇ ಸಪ್ಪಳ ಕೇಳಿತು. ಮತ್ತ ಒಳಗ ಕುಂತೆ.’

ಜಿಜಾಬಾಯಿ ಗೋಡೆಗೆ ಕೈ ಆನಿಸಿದಳು. ಎಷ್ಟು ವರ್ಷ ಒಂದೇ ಜೀಪಿನಲ್ಲಿ ತಿರುಗಿದ್ದು. ತನಗೆ ಜ್ವರ ಬಂದಾಗ ಗಂಜಿ ಕಾಯಿಸಿ ತಂದ ಮನುಷ್ಯ. ಗುಂಡಿಯನ್ನು ಎರಡು ಸಲ ಒತ್ತುವವರು ಬೀದರ ಜಿಲ್ಲೆಯಲ್ಲಿ ಇನ್ನೂ ಎಷ್ಟೋ ಜನ ಇರಬಹುದು. ಇರಬಹುದು ಎಂದು ತನಗೆ ತಾನೇ ಹೇಳಿಕೊಂಡಳು. ಆದರೆ ಹಾವಗೆಪ್ಪನ ಕಣ್ಣು ತನ್ನ ಭುಜದ ಆಚೆ ಹೋದದ್ದು ನೆನಪಾಯಿತು. ಅಲ್ಲಿ ನಿಂತಿದ್ದವನು ಒಬ್ಬನೇ.

‘ಸಂಜೀತನಕ ಇಲ್ಲೇ ಇರ್ರಿ,’ ಎಂದಳು. ‘ನಾನೇ ಬಂದು ಕರೀತೇನಿ. ಬ್ಯಾರೆ ಯಾರು ಕರೆದರೂ ಬಾಗಿಲ ತೆಗೀಬ್ಯಾಡ್ರಿ.’

‘ಇಷ್ಟೊತ್ತು ಒಳಗ ಏನು ಮಾಡಿದಿ ಅಂತ ಹೊರಗಿನವರು ಕೇಳಿದರ?’ ಶಾಲುಬಾಯಿ ಕೇಳಿದಳು.

ಅನುಸೂಯಾಬಾಯಿ ಮೂಲೆಯ ಡಬ್ಬಿ ತೆರೆದು ಜೋಳದ ರೊಟ್ಟಿ ತೆಗೆದಳು. ಪುಂಡಿಪಲ್ಯ, ಅಗಸಿ ಹಿಂಡಿ, ಒಂದು ಉಳ್ಳಾಗಡ್ಡಿ. ಅವಳಿಗಾಗಿ ಶಾಲುಬಾಯಿ ಮಾಡಿ ತಂದ ಮಧ್ಯಾಹ್ನದ ಊಟ ಅದು. ಬಟ್ಟೆಯಲ್ಲಿ ಕಟ್ಟಿ ಜಿಜಾಬಾಯಿಯ ಕೈಗಿಟ್ಟಳು.

‘ಊಟ ಕಟ್ಟಿಸ್ಕೊಂಡ ಬಂದೆ ಅನ್ನು. ಅವನೂ ಮುಂಜಾನಿಯಿಂದ ಉಪಾಸ ಇರ್ತಾನ.’

ಯಾರಿಗೆ ಅಂಜಿ ಅಡಗಿದ್ದಳೋ ಅವನ ಹಸಿವನ್ನೇ ನೆನೆದ ಆ ಕೊನೆಯ ಮಾತಿಗೆ ಜಿಜಾಬಾಯಿಯ ಕಣ್ಣು ಒದ್ದೆಯಾಯಿತು.

ಅವಳು ಹೊರಗೆ ಬಂದಳು. ಬೇವಿನ ಮರದ ಹತ್ತಿರ ಜೀಪು ಇರಲಿಲ್ಲ. ಹಾವಗೆಪ್ಪ ಕುಳಿತಿದ್ದ ಬಾಂಕೂ ಖಾಲಿ. ನಾಲ್ಕು ಹೆಜ್ಜೆ ಹಾಕಿ ಘಟಕದ ಮೂಲೆ ತಿರುಗಿದಾಗ ಜೀಪು ಕಂಡಿತು. ಹಿಂದಿನ ಗೋಡೆಗೆ ಒತ್ತಿಕೊಂಡು, ನೆರಳಿನಲ್ಲಿ ನಿಂತಿತ್ತು. ಅದರ ನೆತ್ತಿಯ ಮೇಲೇ ಆ ಖೋಲಿಯ ಬೆಳಕಿಂಡಿ.

‘ಅಲ್ಲಿ ಬಿಸಲು ಬಂತ್ರಿ, ಅದಕ್ಕ ಈ ಕಡಿ ಹಚ್ಚಿದೆ,’ ಎಂದ ಮಡೆಪ್ಪ. ‘ಭಾಳ ತಡ ಮಾಡಿದ್ರಿ.’

‘ಹಾವಗೆಪ್ಪ ಎಲ್ಲಿ?’

‘ಖಾಲಿ ಕ್ಯಾನ್ ಮುಟ್ಟಿಸಿ ಬರ್ತೇನಿ ಅಂದ, ಬಿಟ್ಟೆ. ಎಲ್ಲಿ ಹೋಗ್ತಾನ ಅವ? ಈಗ ಯಾವ ಕಡಿರಿ, ಬೀದರಿಗೋ?’

ಜಿಜಾಬಾಯಿ ಅವನ ಪಕ್ಕದಲ್ಲಿ ಹತ್ತಿ ಕುಳಿತಳು. ಖೋಲಿಯಿಂದ ಅವನನ್ನು ದೂರ ಒಯ್ಯಬೇಕು. ಅದೊಂದೇ ಅವಳ ತಲೆಯಲ್ಲಿತ್ತು. ‘ಎಕಂಬಾಕ್ಕ. ಆ ಬಾವಿ ಇನ್ನೊಮ್ಮೆ ನೋಡಬೇಕಾಗ್ಯದ.’

ಮಡೆಪ್ಪ ಜೀಪಿನ ಸೆಲ್ಫ್ ಗುಂಡಿಗೆ ಕೈ ಹಾಕಿದ. ಒತ್ತಿದ.

ಒಂದೇ ಸಲ.

ಇಂಜಿನ್ನು ಚಾಲೂ ಆಯಿತು. ಅವನ ಬೆರಳು ಗುಂಡಿಯ ಮೇಲೆ ಹಾಗೇ ನಿಂತಿತ್ತು, ಎರಡನೆಯ ಸಲ ಒತ್ತದಂತೆ ತಡೆದು ಹಿಡಿದ ಬೆರಳು. ಅವನು ಅವಳ ಕಡೆ ನೋಡಲಿಲ್ಲ. ಅವಳೂ ನೋಡಲಿಲ್ಲ.

‘ಮೊದಲ ಊಟ ಮಾಡ್ರಿ ಮಡೆಪ್ಪ,’ ಎಂದು ಜಿಜಾಬಾಯಿ ಮಡಿಲಿನಲ್ಲಿದ್ದ ಗಂಟನ್ನು ಅವನ ಕೈಗೆ ಕೊಟ್ಟಳು.